ಹಿತ್ತಿಲ ಮಾತು: ಮಳೆ ಬಿಡುವ ಹೊತ್ತಿಗೆ ಮೊದಲು ಮಣ್ಣು, ಮತ್ತೆ ಬೀಜ

ಸೋಣ ತಿಂಗಳು ಮುಗಿದು ನಿರ್ನಾಲ ಶುರುವಾಯ್ತು, ಚೌತಿಯ ಗೌಜಿ ಮುಗೀತು, ಮೊಂತಿ ಹಬ್ಬವೂ ಆಯ್ತು, ಬೆಳಿಗ್ಗೆ ಜಗಲಿಗೆ ಬಂದ್ರೆ ಅಂಗಳದಲ್ಲಿ ಚಂದದ ಬಿಸಿಲು, ಮಧ್ಯಾಹ್ನ ಮೂರು ಗಂಟೆಗೆ ಮೋಡ ಕಟ್ಟಿ ಒಂದು ಗುಡುಗು. ಹಸ್ತ ಮಳೆಯಿಂದ ಸ್ವಾತಿ ಮಳೆವರೆಗಿನ ಈ ದಿನಗಳು ಉಂಟಲ್ಲ, ನಮ್ಮ ಕರಾವಳಿಯ ಹಿತ್ತಿಲಿಗೆ ಹೊಸ ವರ್ಷ ಅಂದ್ರೆ ಇದೇ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ "ಬಿಸಿಲು ಬಂತು ಅಕ್ಕ, ಬೀಜ ಹಾಕ್ಬಹುದಾ" ಅಂತ ಕೇಳಿದ್ದು. ಎಲ್ಲರಿಗೂ ಒಟ್ಟಿಗೆ ಒಂದು ಮಾತು ಹೇಳ್ತೇನೆ, ಬೀಜಕ್ಕೆ ಅವಸರ ಮಾಡ್ಬೇಡಿ, ಮೊದಲು ಮಣ್ಣಿನ ಹತ್ರ ಹೋಗಿ ಕೂತ್ಕೊಳ್ಳಿ. ಒಂದು ಮುಷ್ಟಿ ಮಣ್ಣು ತೆಗೆದು ಗಟ್ಟಿಯಾಗಿ ಹಿಂಡಿ, ಬೆರಳ ಸಂದಿಯಲ್ಲಿ ನೀರು ಒಸರಿದ್ರೆ ಅಥವಾ ಅಂಟು ಮುದ್ದೆ ಹಾಗೇ ನಿಂತ್ರೆ ಇನ್ನೊಂದು ವಾರ ಕಾಯಿರಿ, ಉಂಡೆಯಾಗಿ ನಿಂತು ಹೆಬ್ಬೆರಳು ತಾಗಿಸಿದ ಕೂಡಲೇ ಪುಡಿ ಆದ್ರೆ ಮಾತ್ರ ಹಾರೆ ಹಾಕಿ. ಒದ್ದೆ ಮಣ್ಣಿಗೆ ಹಾರೆ ಹಾಕಿದ್ರೆ ಅದು ಒಣಗಿದ ಮೇಲೆ ಇಟ್ಟಿಗೆ ಆಗ್ತದೆ, ಮತ್ತೆ ಇಡೀ ವರ್ಷ ಆ ಪಟ್ಟಿಯಲ್ಲಿ ಬೇರು ಇಳಿಯುದಿಲ್ಲ.

ಪ್ರಶ್ನೆ: ಅಕ್ಕ, ಮನೆ ಹಿಂದೆ ಎರಡು ಸೆಂಟ್ಸ್ ಜಾಗ ಉಂಟು. ಕಳೆದ ವರ್ಷ ಅಕ್ಟೋಬರ್‌ನಲ್ಲಿ ಹರಿವೆ, ಬೆಂಡೆ, ಅಲಸಂಡೆ ಹಾಕಿದ್ದೆ. ಮೊಳಕೆ ಚೆನ್ನಾಗಿಯೇ ಬಂತು, ಮತ್ತೆ ಗೇಣುದ್ದ ಆಗಿ ಅಲ್ಲೇ ನಿಂತ್ವು, ಎಲೆ ಹಳದಿ. ಹಟ್ಟಿಗೊಬ್ಬರ ಬುಟ್ಟಿಗಟ್ಟಲೆ ಹಾಕಿದ್ದೇನೆ. ಈ ವರ್ಷ ಎಂತ ಮಾಡುದು?
ಕಿನ್ನಿಗೋಳಿ

ಉತ್ತರ: ಗೊಬ್ಬರ ಕಡಿಮೆ ಆದದ್ದಲ್ಲ ಅಮ್ಮ, ನಿಮ್ಮ ಮಣ್ಣು ಹುಳಿ ಆಗಿದೆ ಅಂತ ನನ್ನ ಅಂದಾಜು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಅದ್ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗೀತದೆ, ಆ ನೀರು ಮುರಕಲ್ಲಿನ ಮಣ್ಣಿನ ಮೂಲಕ ಇಳಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲ ತೊಳ್ಕೊಂಡು ತೋಡಿಗೆ ಒಯ್ತದೆ. ಉಳಿಯುದು ಹುಳಿ. ಹುಳಿ ಮಣ್ಣಲ್ಲಿ ನೀವು ಎಷ್ಟು ಗೊಬ್ಬರ ಹಾಕಿದ್ರೂ ಬೇರಿಗೆ ಅದನ್ನು ಹೀರಿಕೊಳ್ಳುವ ತಾಕತ್ತು ಇರುದಿಲ್ಲ, ರಂಜಕ ಅಂತೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡು ಅಲ್ಲೇ ಕೂತು ಬಿಡ್ತದೆ.

ಹಾಗಾಗಿ ಈ ವಾರ ಮಾಡುವ ಕೆಲಸ ಸುಣ್ಣದ್ದು. ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ, ಅಂದ್ರೆ ಒಂದು ಸೆಂಟ್ಸಿಗೆ 8 ಕಿಲೋ ಲೆಕ್ಕ, ಮಣ್ಣಿನ ಮೇಲೆ ಸಮಾ ಎರಚಿ ಒಂದು ಗೇಣು ಆಳಕ್ಕೆ ಕೊತ್ತಿ ಬೆರೆಸಿ ಬಿಡಿ. ಆಮೇಲೆ ಹದಿನೈದು ದಿನ ಎಂತದ್ದೂ ಮಾಡ್ಬೇಡಿ. ಇಲ್ಲೇ ಹೆಚ್ಚಿನವರು ತಪ್ಪುದು, ಸುಣ್ಣ ಮತ್ತು ಹಟ್ಟಿಗೊಬ್ಬರ ಒಂದೇ ದಿನ ಹಾಕ್ತಾರೆ, ಆಗ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗ್ತದೆ, ಮೂಗಿಗೆ ಖಾರ ವಾಸನೆ ಬಂತು ಅಂದ್ರೆ ನಿಮ್ಮ ಗೊಬ್ಬರದ ಸತ್ವ ಹಾರಿ ಹೋಗ್ತಾ ಉಂಟು ಅಂತ ಅರ್ಥ. ಹದಿನೈದು ದಿನ ಕಳೆದು ಗೊಬ್ಬರ, ಸುಡುಮಣ್ಣು ಹಾಕಿ. ಸುಡುಮಣ್ಣು ಮಾಡುವವರು ಈಗ ಕಡಿಮೆ ಆಗಿದ್ದಾರೆ, ನನಗೆ ಅದು ನಿಜವಾಗಿ ಬೇಜಾರಿನ ವಿಷಯ. ಒಣ ಕಸಕಡ್ಡಿ, ತೆಂಗಿನ ಸಿಪ್ಪೆ ಕೆಳಗೆ ಹಾಕಿ ಮೇಲೆ ಮಣ್ಣು ಹೊದೆಸಿ, ಉರಿ ಏಳದ ಹಾಗೆ ಎರಡು ದಿನ ಹೊಗೆಯಾಡ್ಲಿಕ್ಕೆ ಬಿಟ್ರೆ ಬೂದಿಯ ಪೊಟ್ಯಾಷೂ ಸಿಗ್ತದೆ, ಕಳೆಬೀಜವೂ ಸಾಯ್ತದೆ, ಮಣ್ಣು ಹುಡಿಹುಡಿಯಾಗಿ ಬೆಂಡೆ, ಬಸಳೆ, ಹೀರೆಯ ಬುಡಕ್ಕೆ ಅಮೃತ ಆಗ್ತದೆ. ಆದ್ರೆ ಸಿಕ್ಕಿದ ತರಗೆಲೆ ಪೂರಾ ಸುಡ್ಬೇಡಿ, ಅರ್ಧ ಮುಚ್ಚಿಗೆಗೆ ಇಟ್ಕೊಳ್ಳಿ.

ಒಂದ್ಸಲ ಮಣ್ಣು ಪರೀಕ್ಷೆ ಮಾಡಿಸಿದ್ರೆ ನನ್ನ ಅಂದಾಜು ಸರಿಯಾ ಅಂತಲೂ ಗೊತ್ತಾಗ್ತದೆ. ನಿಮಗೆ ಹತ್ತಿರ ಆಗುದು ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರ, ಉಡುಪಿ ಕಡೆಯವರಿಗೆ ಬ್ರಹ್ಮಾವರದ್ದು. ಐದಾರು ಕಡೆಯಿಂದ ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಂಡು ಹೋಗಿ. ಸುಣ್ಣ ಹಾಕುವ ಮೊದಲೇ ತೆಗೀಬೇಕು, ಮರೀಬೇಡಿ.

ಪ್ರಶ್ನೆ: ನಮ್ಮದು ಗುಳ್ಳ ಬದನೆ ಬೆಳೆಯುವ ಮನೆ. ಎರಡು ವರ್ಷದಿಂದ ಗಿಡ ಹೂ ಬಿಡುವ ಹೊತ್ತಿಗೆ ಸರಿಯಾಗಿ ಬಾಡಿ ಸಾಯ್ತಾ ಉಂಟು. ಎಲೆ ಹಳದಿ ಆಗುದೂ ಇಲ್ಲ, ಹಸಿರಾಗಿಯೇ ಇದ್ದು ಮಧ್ಯಾಹ್ನ ಜೋತು ಬೀಳ್ತದೆ, ಸಂಜೆ ಸ್ವಲ್ಪ ಎದ್ದ ಹಾಗೆ ಕಾಣ್ತದೆ, ಮೂರ್ನಾಲ್ಕು ದಿನದಲ್ಲಿ ಹೋಯ್ತು. ಅಂಗಡಿಯವರು ಕೊಟ್ಟ ಮದ್ದು ಮೂರು ಬಗೆಯದ್ದು ಹೊಡೆದಾಯ್ತು. ಈ ವರ್ಷ ಸಸಿ ಮಡಿ ಮಾಡ್ಬೇಕಾ ಬೇಡ್ವಾ ಅಂತಲೇ ಮನೆಯಲ್ಲಿ ಮಾತಾಗ್ತಾ ಉಂಟು.
ಕಟಪಾಡಿ ಹತ್ರ

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರೀತು ಅಣ್ಣ. ಮಟ್ಟು ಗುಳ್ಳ ಅಂದ್ರೆ ವಾದಿರಾಜ ಸ್ವಾಮಿಗಳ ಪ್ರಸಾದ ಅಂತ ನಂಬಿಕೊಂಡು ಬಂದ ಬೆಳೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ, ಆ ತೆಳು ಸಿಪ್ಪೆ, ತಿಳಿಹಸಿರಿನ ಮೇಲೆ ಬಿಳಿ ಗೆರೆ, ಆ ರುಚಿ ಬೇರೆ ಬದನೆಗೆ ಇಲ್ಲ. ಅದನ್ನು ಬಿಡುವ ಮಾತು ದಯವಿಟ್ಟು ಆಡ್ಬೇಡಿ.

ಮೊದಲು ಒಂದು ಪರೀಕ್ಷೆ ಮಾಡಿ, ಇದಕ್ಕೆ ಕಾಸು ಬೇಡ. ಈಗ ತಾನೇ ಬಾಡಿದ ಗಿಡ ಸಿಕ್ಕಿದ್ರೆ (ಹಿತ್ತಿಲಲ್ಲಿ ಟೊಮೆಟೊ, ಮೆಣಸು ಹಾಗೆ ಬಾಡಿದ್ರೂ ಆಗ್ತದೆ) ಬುಡದ ಹತ್ರ ಎರಡು ಇಂಚಿನಷ್ಟು ಕಾಂಡ ಕತ್ತರಿಸಿ, ಗಾಜಿನ ಗ್ಲಾಸಿನಲ್ಲಿ ತಿಳಿ ನೀರು ಹಾಕಿ, ಆ ಕಾಂಡದ ತುದಿ ಮಾತ್ರ ನೀರಿಗೆ ಮುಳುಗುವ ಹಾಗೆ ಹಿಡೀರಿ. ಕೈ ಅಲ್ಲಾಡಿಸ್ಬೇಡಿ. ಎರಡು ಮೂರು ನಿಮಿಷದಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನ ಎಳೆಯ ಹಾಗೆ ಬಿಳಿ ನೂಲು ಕೆಳಗೆ ಇಳೀತದಾ ನೋಡಿ. ಇಳಿದ್ರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ, ರಾಲ್‌ಸ್ಟೋನಿಯಾ ಅಂತ ಅದರ ಹೆಸರು. ಅದು ಮಣ್ಣಲ್ಲಿ ಇರುದು, ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರುವ ನಾಳವನ್ನೇ ಕಟ್ಟಿ ಹಾಕ್ತದೆ, ಅದಕ್ಕೇ ಎಲೆ ಹಸಿರಿದ್ದೇ ಬಾಡುದು. ಮೇಲಿಂದ ಎಷ್ಟು ಬಗೆ ಮದ್ದು ಹೊಡೆದ್ರೂ ಪ್ರಯೋಜನ ಇಲ್ಲ, ಶಿಲೀಂಧ್ರದ ಮದ್ದು ಅಂತೂ ಇದಕ್ಕೆ ನಾಟುವುದೇ ಇಲ್ಲ. ಆ ದುಡ್ಡು ಉಳಿಸಿ.

ಈಗ ಒಂದು ವಿಷಯ ನೀವೇ ಯೋಚನೆ ಮಾಡಿ. ಹಿಂದಿನವರು ಗುಳ್ಳ ಎಲ್ಲಿ ನೆಡ್ತಿದ್ರು? ಏಣೆಲು, ಅಂದ್ರೆ ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲಿ. ನಾಲ್ಕು ತಿಂಗಳು ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ಇಲ್ಲದ ಹಾಗೆ ಆದಾಗ ಈ ರೋಗಾಣು ಬಹಳ ಮಟ್ಟಿಗೆ ಸಾಯ್ತಿತ್ತು, ಮತ್ತೆ ಸಾಲು ಹಾಕಿ ಗುಳ್ಳ ನೆಟ್ರೆ ಗಿಡಕ್ಕೆ ತೊಳೆದ ಮಣ್ಣು ಸಿಗ್ತಿತ್ತು. ಈಗ ಆಳು ಇಲ್ಲ, ಲಾಭ ಇಲ್ಲ ಅಂತ ಗದ್ದೆ ಹಡಿಲು ಬಿಟ್ಟು, ಅಥವಾ ಮಣ್ಣು ತುಂಬಿಸಿ ಎತ್ತರ ಮಾಡಿ, ಅದೇ ಜಾಗದಲ್ಲಿ ವರ್ಷ ವರ್ಷ ಬದನೆ ಹಾಕಿದ್ರೆ ರೋಗಕ್ಕೆ ನಾವೇ ಊಟ ಬಡಿಸಿದ ಹಾಗೆ. ನಿಮಗೆ ಸಾಧ್ಯ ಇದ್ರೆ ಈ ವರ್ಷ ಭತ್ತ ಮಾಡಿದ ಗದ್ದೆಯ ಒಂದು ತುಂಡಿಗೇ ಗುಳ್ಳ ಬದಲಾಯಿಸಿ. ಹಳೇ ಜಾಗದಲ್ಲಿ ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಮೂರೂ ಬೇಡ, ಮೂರೂ ಒಂದೇ ಕುಟುಂಬ, ರೋಗವೂ ಒಂದೇ. ಅಲ್ಲಿ ಅಲಸಂಡೆ, ಸೌತೆ, ಜೋಳ ಹಾಕಿ. ಸತ್ತ ಗಿಡ ಬೇರು ಸಮೇತ ಕಿತ್ತು ಸುಡಿ, ತೋಡಿಗೆ ಬಿಸಾಡಿದ್ರೆ ಕೆಳಗಿನ ಮನೆಯವರ ಗದ್ದೆಗೆ ಕಳಿಸಿದ ಹಾಗಾಗ್ತದೆ. ಒಂದು ಸಾಲಿಂದ ಇನ್ನೊಂದಕ್ಕೆ ನೀರು ಹರಿದು ಹೋಗುವ ಹಾಗೆ ಬಿಡ್ಬೇಡಿ.

ಇನ್ನೊಂದು ದಾರಿ ಕಸಿ. ಗುಡ್ಡೆಯಲ್ಲಿ, ರಸ್ತೆ ಬದಿಯಲ್ಲಿ ಮುಳ್ಳು ಮುಳ್ಳಾಗಿ ಬೆಳೀತದಲ್ಲ ಕುದನೆ, ಕೆಲವರು ಸುಂಡೆಕಾಯಿ ಅಂತಾರೆ, ಅದರ ಬೇರಿಗೆ ಈ ರೋಗವನ್ನು ತಡ್ಕೊಳ್ಳುವ ಶಕ್ತಿ ಉಂಟು. ಕುದನೆ ಸಸಿಯ ಮೇಲೆ ಗುಳ್ಳದ ಚಿಗುರು ಕಸಿ ಕಟ್ಟಿದ್ರೆ ಕೆಳಗೆ ಕುದನೆ ಬೇರು, ಮೇಲೆ ಗುಳ್ಳದ್ದೇ ಕಾಯಿ. ಕುದನೆ ಬೀಜ ಮೊಳೆಯುದು, ಬೆಳೆಯುದು ನಿಧಾನ, ಹಾಗಾಗಿ ಅದನ್ನು ಗುಳ್ಳಕ್ಕಿಂತ ಒಂದು ತಿಂಗಳಾದ್ರೂ ಮೊದಲು ಹಾಕ್ಬೇಕು. ಈ ವರ್ಷ ಎಲ್ಲ ಗಿಡ ಹಾಗೆ ಮಾಡ್ಲಿಕ್ಕೆ ಹೋಗ್ಬೇಡಿ, ಇಪ್ಪತ್ತು ಗಿಡ ಮಾಡಿ ನೋಡಿ ಸಾಕು.

ಸಸಿ ಮಡಿ ಅಂತೂ ಈಗ ಮಾಡ್ಲೇಬೇಕು. ನೆಲದಿಂದ ಒಂದು ಗೇಣು ಎತ್ತರ ಇರ್ಲಿ, ಬೀಜ ಎರಚ್ಬೇಡಿ, ಬೆರಳಲ್ಲಿ ಗೆರೆ ಎಳೆದು ಸಾಲಲ್ಲಿ ತೆಳುವಾಗಿ ಹಾಕಿ. ಎರಚಿದ್ರೆ ಸಸಿ ಒತ್ತೊತ್ತಾಗಿ ಬುಡ ಕೊಳೆತು ಮಲಗ್ತದೆ, ಮಧ್ಯಾಹ್ನದ ಗುಡುಗು ಮಳೆ ಇನ್ನೂ ಮುಗಿದಿಲ್ಲ ನೋಡಿ. ಮೇಲೆ ಒಂದು ತೆಂಗಿನ ಗರಿಯ ಚಪ್ಪರ ಅಥವಾ ಪ್ಲಾಸ್ಟಿಕ್ ಮಾಡಿಕೊಳ್ಳಿ, ಬಿಸಿಲಿದ್ದಾಗ ತೆಗೀರಿ. ನಾಲ್ಕರಿಂದ ಐದು ವಾರಕ್ಕೆ ನಾಟಿಗೆ ಬರ್ತದೆ. ನಾಟಿ ಮಾಡಿದ ಮೇಲೆ ಗಿಡದ ತುದಿ ಬಗ್ಗಿದ್ದು ಕಂಡ್ರೆ ಗಾಬರಿ ಆಗಿ ಇದೇ ರೋಗ ಅಂದ್ಕೊಳ್ಬೇಡಿ, ತುದಿ ಮಾತ್ರ ಬಾಡಿದ್ರೆ ಅದು ಕೊರಕ ಹುಳ, ಬಾಡಿದ ತುದಿ ಚಿವುಟಿ ಸೀಳಿದ್ರೆ ಒಳಗೆ ನಸುಗೆಂಪು ಹುಳ ಕಾಣ್ತದೆ. ವಾರಕ್ಕೆರಡು ಸಲ ಚಿವುಟಿ ನಾಶ ಮಾಡಿದ್ರೆ ಮದ್ದಿನ ಖರ್ಚು ಅರ್ಧ ಇಳೀತದೆ.

ಪ್ರಶ್ನೆ: ಮೇಡಂ, ನಮ್ಮದು ಐದನೇ ಮಾಳಿಗೆಯ ಫ್ಲಾಟ್, ಬಾಲ್ಕನಿ ದಕ್ಷಿಣಕ್ಕೆ. ಮಳೆಗಾಲ ಪೂರ್ತಿ ಅಲ್ಲಿ ಬಿಸಿಲೇ ಇಲ್ಲ, ಎಲ್ಲ ಗಿಡ ಕೊಳೆತು ಹೋದ್ವು. ಬೇಜಾರಾಗಿ ಪಾಟ್ ಎಲ್ಲ ಮಾರಿ ಬಿಡುವ ಅಂತ ಇದ್ದೇನೆ.
ಕದ್ರಿ, ಮಂಗಳೂರು

ಉತ್ತರ: ಮಾರ್ಬೇಡಿ ಮಾರಾಯ್ರೆ, ನಿಮ್ಮ ಬಾಲ್ಕನಿಗೆ ಒಳ್ಳೆ ಕಾಲ ಬರುದೇ ಈಗ! ಸೆಪ್ಟೆಂಬರ್ 23ರ ಆಚೀಚೆ ಹಗಲು ರಾತ್ರಿ ಸಮ ಆಗಿ ಸೂರ್ಯ ತೆಂಕಿಗೆ ವಾಲ್ತಾನೆ, ಅಲ್ಲಿಂದ ಮಾರ್ಚ್‌ವರೆಗೆ ದಕ್ಷಿಣದ ಬಾಲ್ಕನಿಗೆ ಓರೆಯಾಗಿ ಒಳಗಿನವರೆಗೂ ಬಿಸಿಲು ಬೀಳ್ತದೆ. ಉತ್ತರದ ಬಾಲ್ಕನಿಯವರಿಗೆ ಇದೇ ಸಮಯ ಬಿಸಿಲು ಹೋಗ್ತದೆ, ಅವರು ಕೊಂಚ ನೆರಳಲ್ಲೂ ಬರುವ ದೊಡ್ಡಪತ್ರೆ, ಪುದೀನ, ಕೆಸು ಇಟ್ಕೊಂಡ್ರೆ ಸಾಕು.

ಹಳೇ ಪಾಟಿನ ಮಣ್ಣು ಬಿಸಾಡ್ಬೇಡಿ. ಒಂದು ತಾರ್ಪಾಲಿನ ಮೇಲೆ ಸುರಿದು, ಹಳೇ ಬೇರು ಹೆಕ್ಕಿ, ನಾಲ್ಕು ದಿನ ಬಿಸಿಲಿಗೆ ಹರಡಿ. ಪಾಟಿನ ತಳದ ತೂತು ನೋಡಿ, ನೂರಕ್ಕೆ ತೊಂಬತ್ತು ಕೊಳೆಯುದು ಆ ತೂತು ಕಟ್ಟಿದ್ದರಿಂದಲೇ, ಒಂದು ಕಡ್ಡಿ ತೂರಿಸಿ ಬಿಡಿಸಿ, ಪಾಟನ್ನು ಎರಡು ಓಡಿನ ತುಂಡಿನ ಮೇಲೆ ಎತ್ತಿ ಇಡಿ. ಒಣಗಿದ ಮಣ್ಣಿಗೆ ಮೂರನೇ ಒಂದು ಪಾಲು ಕಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ. ಮೊದಲ ಸುತ್ತು ಕೆಂಪು ಹರಿವೆ ಹಾಕಿ, ಮೂರ್ನಾಲ್ಕು ವಾರದಲ್ಲಿ ಕೈಗೆ ಬಂದು ನಿಮ್ಮ ಬೇಜಾರು ಹೋಗ್ತದೆ. ಟೊಮೆಟೊ ಬೇಕಾದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹುಡುಕಿ, ಎಲೆ ಮುರುಟು, ಸೊರಗು, ಅಂಗಮಾರಿ ಮೂರನ್ನೂ ತಡ್ಕೊಳ್ತದೆ. ಕ್ಯಾರೆಟ್, ದೊಡ್ಡ ಹೂಕೋಸು ಆಸೆ ಬೇಡ, ಮಂಗಳೂರಿನ ಡಿಸೆಂಬರ್ ರಾತ್ರಿಯೂ 20 ಡಿಗ್ರಿ ಆಚೀಚೆ, ಅವಕ್ಕೆ ಆ ಚಳಿ ಸಾಲುದಿಲ್ಲ. ಮೂಲಂಗಿ, ಕೊತ್ತಂಬರಿ ಬರ್ತದೆ.

ಪ್ರಶ್ನೆ: ಅಡಿಕೆಗೆ ಎರಡು ಸಲ ಮದ್ದು ಬಿಟ್ಟಾಗಿದೆ. ಮಳೆ ಇನ್ನೂ ನಿಲ್ತಾ ಇಲ್ಲ, ಅಲ್ಲಲ್ಲಿ ಉದುರುದು ಕಾಣ್ತದೆ. ಮೂರನೇದು ಬೇಕಾ? ಕಳೆದ ಸಲ ಮದ್ದು ಬಿಟ್ಟ ಮೇಲೂ ಕೊಳೆ ಬಂದಿತ್ತು.
ಕಾರ್ಕಳ ತಾಲೂಕು

ಉತ್ತರ: ಮಳೆ ಹೀಗೇ ಮುಂದುವರಿದ್ರೆ, ಎರಡನೇದು ಬಿಟ್ಟು 40-45 ದಿನ ಆಗಿದ್ರೆ, ಬೇಕು. ಉದುರಿದ್ದನ್ನು ಮೊದಲು ಹೆಕ್ಕಿಸಿ, ಬುಡದಲ್ಲಿ ಬಿದ್ದ ಒಂದೊಂದು ಕೊಳೆ ಅಡಿಕೆಯೂ ಬಿಳಿ ಬೂಸ್ಟು ಕಟ್ಟಿ ಮತ್ತೆ ಮೇಲಿನ ಗೊನೆಗೆ ಬೀಜ ಹಾರಿಸ್ತದೆ.

ಮದ್ದು ಬಿಟ್ಟೂ ಕೊಳೆ ಬಂತು ಅಂದ್ರೆ ಹೆಚ್ಚಾಗಿ ಬೋರ್ಡೋ ದ್ರಾವಣ ಮಾಡುವಲ್ಲೇ ತಪ್ಪಿರ್ತದೆ. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡ್ಬೇಕು, ತಿರುಗಿಸಿ ಹೊಯ್ದ್ರೆ ಕಣ ದಪ್ಪ ಆಗ್ತದೆ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ ಸಾಕು. ಆದ ಮೇಲೆ ಉಜ್ಜಿ ಹೊಳಪು ಮಾಡಿದ ಒಂದು ಚೂರಿ ಅಥವಾ ಮೊಳೆ ಒಂದು ನಿಮಿಷ ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲ್ಲಿಲ್ಲ, ಇನ್ನೂ ಸ್ವಲ್ಪ ಸುಣ್ಣದ ನೀರು ಹಾಕಿ ಮತ್ತೆ ಅದ್ದಿ. ಚೂರಿ ಹಾಗೇ ಬೆಳ್ಳಗೆ ಬಂದ್ರೆ ದ್ರಾವಣ ಸರಿ. ಮಾಡಿದ್ದನ್ನು ಅದೇ ದಿನ ಮುಗಿಸ್ಬೇಕು, ರಾತ್ರಿ ಇಟ್ಟು ಮರುದಿನ ಬಿಟ್ರೆ ಅಂಟುದಿಲ್ಲ. ಹಳೇ ಸುಣ್ಣ, ಗಾಳಿ ತಾಗಿ ಹುಡಿಯಾದದ್ದು, ಅದನ್ನು ಅಳತೆ ಸರಿ ಉಂಟು ಅಂತ ನಂಬಿ ಹಾಕ್ಬೇಡಿ, ಚೂರಿ ಹೇಳಿದ್ದೇ ಲೆಕ್ಕ.

ಒಂದು ಮಾತು, ಮರ ಒದ್ದೆ ಇರುವಾಗ ಯಾರನ್ನೂ ಹತ್ತಿಸ್ಬೇಡಿ. ಎರಡು ದಿನ ತಡ ಆದ್ರೂ ಪರವಾಗಿಲ್ಲ, ಅಥವಾ ದೋಟಿಯಲ್ಲಿ ಬಿಡುವವರನ್ನು ಕರೀರಿ. ಪ್ರತಿ ವರ್ಷ ಈ ತಿಂಗಳಲ್ಲಿ ಜಾರಿ ಬಿದ್ದ ಸುದ್ದಿ ಕೇಳ್ತೇವೆ, ಒಂದು ಮನೆಯ ದುಡಿಯುವ ಕೈ ಹೋದ್ರೆ ಯಾವ ಅಡಿಕೆಯೂ ಅದನ್ನು ತುಂಬ್ಲಿಕ್ಕಿಲ್ಲ.

ಪ್ರಶ್ನೆ: ತೆಂಗಿನ ಬುಡಕ್ಕೆ ಈಗ ಉಪ್ಪು ಹಾಕ್ಬೇಕು ಅಂತ ಅಜ್ಜ ಹೇಳ್ತಿದ್ರು. ನಾವಿರುದು ಕಡಲ ಹತ್ರ. ಹಾಕ್ಬಹುದಾ?
ಮಲ್ಪೆ

ಉತ್ತರ: ಅಜ್ಜನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ, ತೆಂಗಿಗೆ ಕ್ಲೋರಿನ್ ಬೇಕು. ಆದ್ರೆ ನಿಮಗೆ ಕಡಲ ಗಾಳಿಯಲ್ಲೇ ಸಾಕಷ್ಟು ಸಿಗ್ತದೆ, ಮತ್ತೆ ಪೊಟ್ಯಾಷ್ ಗೊಬ್ಬರ ಹಾಕಿದ್ರೆ ಅದರಲ್ಲೂ ಕ್ಲೋರಿನ್ ಉಂಟು. ಉಪ್ಪಿನ ಬದಲು ಅದನ್ನೇ ಹಾಕಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುದು ದೊಡ್ಡ ಮರಕ್ಕೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1200 ಗ್ರಾಂ, ಅದರಲ್ಲಿ ಮೂರನೇ ಒಂದು ಪಾಲು ಮಳೆಗೆ ಮೊದಲು, ಮೂರನೇ ಎರಡು ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಅಂಗಡಿ ಲೆಕ್ಕದಲ್ಲಿ ಈಗ ಹಾಕುವ ಪಾಲು ಅಂದ್ರೆ ಯೂರಿಯಾ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ, ಶಿಲಾರಂಜಕ ಸುಮಾರು ಒಂದು ಕಿಲೋ, ಪೊಟ್ಯಾಷ್ ಒಂದೂ ಕಾಲು ಕಿಲೋಗೆ ಸ್ವಲ್ಪ ಹೆಚ್ಚು. ಬುಡಕ್ಕೇ ಸುರೀಬೇಡಿ, ಆಹಾರ ತಿನ್ನುವ ಬೇರು ಇರುದು ಮರದಿಂದ ಆರಡಿ ಒಳಗಿನ ವೃತ್ತದಲ್ಲಿ, ಅಲ್ಲಿ ಹರಡಿ ಮಣ್ಣು ಮುಚ್ಚಿ, ಮೇಲೆ ಗರಿ, ಸಿಪ್ಪೆ ಹೊದೆಸಿ. ಮಣ್ಣಲ್ಲಿ ಪಸೆ ಇರುವಾಗಲೇ ಹಾಕಿದ್ರೆ ಮಾತ್ರ ಮರಕ್ಕೆ ಸಿಗ್ತದೆ, ದೀಪಾವಳಿ ಕಳೆದು ನೋಡುವ ಅಂತ ಬಿಟ್ರೆ ಮರಳು ಒಣಗಿರ್ತದೆ.

ಪ್ರಶ್ನೆ: ದೊಡ್ಡ ದೊಡ್ಡ ಬಸವನಹುಳು ನೂರಾರು! ರಾತ್ರಿ ಬೆಳಗಾಗುವುದರೊಳಗೆ ಬಸಳೆ, ಪಪ್ಪಾಯಿ ಸಸಿ ಖಾಲಿ. ಉಪ್ಪು ಎರಚಿ ಎರಚಿ ಸಾಕಾಯ್ತು.
ಬ್ರಹ್ಮಾವರ

ಉತ್ತರ: ಉಪ್ಪು ಎರಚುದು ಇವತ್ತೇ ನಿಲ್ಲಿಸಿ, ಹುಳಕ್ಕಿಂತ ಮೊದಲು ನಿಮ್ಮ ಮಣ್ಣು ಸಾಯ್ತದೆ. ಇದು ಆಫ್ರಿಕಾದಿಂದ ಬಂದ ಜಾತಿ, ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು ಮೊಟ್ಟೆ ಮಣ್ಣೊಳಗೆ ಇಡ್ತದೆ. ಒಣಗಾಲ ಬಂದ ಕೂಡಲೇ ಚಿಪ್ಪಿನ ಬಾಯಿ ಮುಚ್ಚಿ ಕಲ್ಲಿನ ಸಂದಿ, ತರಗೆಲೆ ರಾಶಿಯಲ್ಲಿ ಮಲಗಿ ಬಿಡ್ತದೆ, ನೀವು ಹೋಯ್ತು ಅಂದ್ಕೊಳ್ತೀರಿ, ಜೂನಿನಲ್ಲಿ ಎಲ್ಲ ಎದ್ದು ಬರ್ತದೆ. ಹಾಗಾಗಿ ಮಲಗುವ ಮೊದಲು, ಈ ಒಂದು ತಿಂಗಳು ಹಿಡೀಬೇಕು. ಸಂಜೆ ಗೋಣಿಚೀಲ ಒದ್ದೆ ಮಾಡಿ ಅದರ ಕೆಳಗೆ ಪಪ್ಪಾಯಿ ಎಲೆ, ಕ್ಯಾಬೇಜ್ ಎಲೆ ಇಟ್ಟು ಹಿತ್ತಿಲಲ್ಲಿ ನಾಲ್ಕೈದು ಕಡೆ ಹಾಕಿ. ರಾತ್ರಿ ಒಂಬತ್ತು ಗಂಟೆಗೆ ಟಾರ್ಚ್ ಹಿಡ್ಕೊಂಡು ಹೋಗಿ ಹೆಕ್ಕಿ ಬಕೆಟಿನ ಉಪ್ಪುನೀರಿಗೆ ಹಾಕಿ, ಉಪ್ಪು ಬಕೆಟಿನಲ್ಲೇ ಇರ್ಲಿ, ಆ ನೀರನ್ನೂ ಗಿಡದ ಹತ್ರ ಚೆಲ್ಬೇಡಿ. ಬೆಳಿಗ್ಗೆ ಗೋಣಿ ಎತ್ತಿ ಉಳಿದದ್ದು ಹೆಕ್ಕಿ. ಕೈಗೆ ಗ್ಲೌಸ್ ಬೇಕೇ ಬೇಕು, ಇದರ ಮೈಯಲ್ಲಿ ಮನುಷ್ಯನ ಮಿದುಳಿಗೆ ಹೋಗಬಲ್ಲ ಹುಳದ ಮರಿ ಇರ್ಬಹುದು, ಮಕ್ಕಳಿಗೆ ಮುಟ್ಲಿಕ್ಕೆ ಬಿಡ್ಲೇಬೇಡಿ, ಹಿತ್ತಿಲ ಸೊಪ್ಪು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡ್ತದೆ, ಆದ್ರೆ ನಾಯಿ ತಿಂದ್ರೆ ಉಳಿಯುದು ಕಷ್ಟ, ನಾಯಿ ಬೆಕ್ಕು ಇರುವ ಮನೆಯಲ್ಲಿ ನಾನು ಬೇಡ ಅಂತಲೇ ಹೇಳುದು. ನಿಮ್ಮೊಬ್ಬರ ಮನೆಯಲ್ಲಿ ಹೆಕ್ಕಿದ್ರೆ ಸಾಲುದಿಲ್ಲ, ಆಚೀಚೆಯ ನಾಲ್ಕು ಮನೆಯವರು ಒಟ್ಟು ಸೇರಿ ಒಂದೇ ವಾರ ಮಾಡಿ.

ಪ್ರಶ್ನೆ: ಮಲ್ಲಿಗೆ ಗಿಡ ಹತ್ತು ಉಂಟು, ಎಲೆ ಹಳದಿ, ಮೊಗ್ಗು ಬೆರಳೆಣಿಕೆ. ಅಟ್ಟೆಗೆ ಒಳ್ಳೆ ರೇಟು ಬರುವ ನವರಾತ್ರಿಗೇ ಹೂವಿಲ್ಲ.
ಶಿರ್ವ

ಉತ್ತರ: ನಾಲ್ಕು ಚೆಂಡು, ಅಂದ್ರೆ ಮೂರು ಸಾವಿರಕ್ಕೂ ಹೆಚ್ಚು ಹೂವು ಕಟ್ಟಿದ್ರೆ ಒಂದು ಅಟ್ಟೆ, ಆ ಕಷ್ಟ ನನಗೆ ಗೊತ್ತುಂಟು ಅಮ್ಮ. ಬುಡದಲ್ಲಿ ನೀರು ನಿಂತಿದೆಯಾ ನೋಡಿ, ಮಲ್ಲಿಗೆಗೆ ಅದೊಂದು ಆಗುದೇ ಇಲ್ಲ. ಬುಡ ಏರಿಸಿ, ಸುತ್ತ ಕಣಿ ತೆಗೆದು ನೀರು ಹೊರಗೆ ಬಿಡಿ. ಒಣ ಗೆಲ್ಲು, ರೋಗದ ಗೆಲ್ಲು ಈಗಲೇ ತೆಗೀರಿ, ಬಿಸಿಲು ಗಟ್ಟಿ ಆದ ಮೇಲೆ ಎಲೆ ಸವರಿ ಗೆಲ್ಲಿನ ತುದಿ ಕತ್ತರಿಸಿ. ಒಂದು ಕಿಲೋ ನೆಲಗಡಲೆ ಹಿಂಡಿ, ಒಂದು ಬುಟ್ಟಿ ಸೆಗಣಿ ನೀರಲ್ಲಿ ನಾಲ್ಕು ದಿನ ಕೊಳೆಸಿ, ಹತ್ತು ಪಾಲು ನೀರು ಸೇರಿಸಿ ಹೊಯ್ಯಿರಿ. ಈ ನವರಾತ್ರಿಗೆ ಬರ್ಲಿಕ್ಕಿಲ್ಲ, ಸುಳ್ಳು ಆಸೆ ಕೊಡುದಿಲ್ಲ ನಾನು, ಮುಂದಿನ ಮದುವೆ ಸೀಸನ್‌ಗೆ ಗಿಡ ತಯಾರಾಗ್ತದೆ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಇದ್ದಾಳೆ. ಅಲ್ಲಿ ಈಗ ಶರತ್ಕಾಲ, ಎಲ್ಲರೂ ಟ್ಯುಲಿಪ್, ಡ್ಯಾಫೊಡಿಲ್ ಗೆಡ್ಡೆ ನೆಡ್ತಾರಂತೆ, ಬಿದ್ದ ಎಲೆ ಗುಡಿಸಿ ಗೊಬ್ಬರ ಮಾಡ್ತಾರಂತೆ. ದೀಪಾವಳಿಗೆ ಬರುವಾಗ ಟ್ಯುಲಿಪ್ ಗೆಡ್ಡೆ ತರ್ತೇನೆ ಅಂತಾಳೆ. ಉರ್ವದಲ್ಲಿ ಆಗ್ತದಾ?
ಉರ್ವ, ಮಂಗಳೂರು

ಉತ್ತರ: ಮಗಳು ಪ್ರೀತಿಯಿಂದ ತರುದು ಅಂತ ಗೊತ್ತು, ಆದ್ರೆ ಬೇಡ ಅಂತ ಹೇಳಿ. ಅಲ್ಲಿಯವರು ಡ್ಯಾಫೊಡಿಲ್ ಸೆಪ್ಟೆಂಬರಿನಲ್ಲಿ, ಟ್ಯುಲಿಪ್ ನವೆಂಬರಿನಲ್ಲಿ ನೆಡುದು ಯಾಕೆ ಅಂದ್ರೆ ಆ ಗೆಡ್ಡೆಗೆ ಮೂರು ನಾಲ್ಕು ತಿಂಗಳು 9 ಡಿಗ್ರಿಗಿಂತ ಕೆಳಗಿನ ಚಳಿ ಮಣ್ಣಲ್ಲಿ ಸಿಗ್ಬೇಕು, ಆಗಲೇ ಒಳಗಿನ ಹೂವಿನ ದಂಟು ಉದ್ದ ಆಗುದು. ನಮ್ಮಲ್ಲಿ ಫ್ರಿಜ್ಜಿನಲ್ಲಿ ಇಟ್ಟು ಒಂದು ಸಲ ಹೂ ಬರಿಸ್ಬಹುದು, ಮತ್ತೆ ಆ ಗೆಡ್ಡೆ ಸತ್ತೇ ಹೋಗ್ತದೆ. ಮತ್ತೆ ಹೊರದೇಶದ ಗೆಡ್ಡೆ, ಬೀಜ ಅನುಮತಿ ಇಲ್ಲದೆ ತರ್ಲಿಕ್ಕೂ ಇಲ್ಲ, ಮಣ್ಣಿನ ರೋಗ ಜೊತೆಗೆ ಬರ್ತದೆ, ಈ ಬಸವನಹುಳುವಿನ ಕತೆ ಮೇಲೆ ಓದಿದ್ರಲ್ಲ.

ಎಲೆ ಗೊಬ್ಬರದ ವಿಷಯ ಮಾತ್ರ ಮಗಳ ಹತ್ರ ಕಲೀಲಿಕ್ಕೆ ಉಂಟು. ಅಲ್ಲಿ ಬಿದ್ದ ಎಲೆ ತಂತಿಬೇಲಿಯ ಗೂಡಲ್ಲಿ ತುಂಬಿಸಿ ಒಂದೆರಡು ವರ್ಷ ಬಿಡ್ತಾರೆ, ಚಳಿಗೆ ಅಷ್ಟು ನಿಧಾನ. ನಮ್ಮ ಸೆಕೆಗೆ ಹಲಸು, ಮಾವಿನ ಎಲೆ ರಾಶಿ ಹಾಕಿ ಪದರ ಪದರಕ್ಕೆ ಸೆಗಣಿನೀರು ಚಿಮುಕಿಸಿದ್ರೆ ಆರೇಳು ತಿಂಗಳಿಗೆ ಕಪ್ಪು ಹುಡಿ ಆಗ್ತದೆ. ಪೇಟೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಅಂಗಳದ ಎಲೆಗೆ ಬೆಂಕಿ ಇಡುವವರನ್ನು ಕಂಡ್ರೆ ನನಗೆ ಅನ್ನ ಸುಟ್ಟ ಹಾಗೆ ಅನಿಸ್ತದೆ. ಗೆಡ್ಡೆ ಹೂವೇ ಬೇಕಿದ್ರೆ ಸುಗಂಧರಾಜ ಹಾಕಿ, ಮಗಳು ಮುಂದಿನ ಸಲ ಬಂದಾಗ ಸಂಜೆ ಅಂಗಳ ಪೂರಾ ಪರಿಮಳ ಇರ್ತದೆ.

ಪ್ರಶ್ನೆ: ನನಗೆ 74 ವರ್ಷ. ಅತ್ತೆಯ ಕಾಲದ ಸೌತೆ ಬೀಜ, ಅಲಸಂಡೆ ಬೀಜ ನನ್ನ ಹತ್ರ ಉಂಟು. ಮೊದಲು ಸೌತೆಕಾಯಿ ಬಾಳೆನಾರಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗು ಹಾಕ್ತಿದ್ದೆವು, ಬೀಜ ಬೂದಿಯಲ್ಲಿ ಇಡ್ತಿದ್ದೆವು. ಈಗ ಮಗ ಟೆರೇಸ್ ಮನೆ ಕಟ್ಟಿದ, ಒಲೆ ಇಲ್ಲ, ಬೂದಿ ಇಲ್ಲ, ಹೊಗೆ ಇಲ್ಲ. ಎರಡು ವರ್ಷದಿಂದ ಡಬ್ಬಿಯಲ್ಲೇ ಉಂಟು. ಅದಕ್ಕೆ ಇನ್ನು ಜೀವ ಇರ್ಬಹುದಾ?
ಕುಂದಾಪುರ

ಉತ್ತರ: ಇರ್ಬಹುದು ಅಮ್ಮ, ಸೌತೆ ಬೀಜ ಒಣಗಿದ್ದಲ್ಲಿ ಇದ್ರೆ ಮೂರ್ನಾಲ್ಕು ವರ್ಷ ತಡೀತದೆ. ಅಲಸಂಡೆಗೆ ಕುಟ್ಟೆ ಹುಳದ ಭಯ, ಡಬ್ಬಿ ತೆಗೆದು ನೋಡಿ, ಬೀಜದಲ್ಲಿ ಸಣ್ಣ ದುಂಡು ತೂತು ಇದ್ದದ್ದನ್ನು ಹೆಕ್ಕಿ ತೆಗೀರಿ. ಎಲ್ಲ ಬೀಜ ಒಟ್ಟಿಗೆ ಮಣ್ಣಿಗೆ ಹಾಕ್ಬೇಡಿ. ಎರಡರಲ್ಲೂ ಹತ್ತು ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಮುಚ್ಚಿದ ಪಾತ್ರೆಯಲ್ಲಿಟ್ಟು ಅಡುಗೆ ಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡಿ, ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ, ನೀರು ನಿಲ್ಲುದೂ ಬೇಡ. ನಾಲ್ಕನೇ ದಿನ ಬಿಡಿಸಿ ನೋಡಿ, ಇಲ್ಲದಿದ್ರೆ ಇನ್ನೂ ಮೂರು ದಿನ ಬಿಡಿ. ಹತ್ತರಲ್ಲಿ ಏಳು ಮೊಳೆತ್ರೆ ಯಾವತ್ತಿನ ಹಾಗೆ ಹಾಕಿ. ನಾಲ್ಕು ಮೊಳೆತ್ರೆ ಗುಣಿಗೆ ಎರಡು ಬೀಜ ಜಾಸ್ತಿ ಹಾಕಿ. ಒಂದೇ ಒಂದು ಮೊಳೆತ್ರೂ ಅದನ್ನು ಬಟ್ಟೆಯಿಂದ ಮೆಲ್ಲ ತೆಗೆದು, ಬೇರಿನ ತುದಿ ಮುರಿಯದ ಹಾಗೆ, ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ ನೆಡಿ, ಒಂದು ಬಳ್ಳಿಯಿಂದ ಮುಂದಿನ ವರ್ಷಕ್ಕೆ ಊರಿಗೆಲ್ಲ ಆಗುವಷ್ಟು ಬೀಜ ಸಿಗ್ತದೆ.

ಇನ್ನು ಇಡುವ ಕ್ರಮ. ಒಲೆ ಇಲ್ಲದಿದ್ರೆ ಬೂದಿಯನ್ನು ಅಕ್ಕಪಕ್ಕದ ಬಚ್ಚಲೊಲೆ ಇರುವ ಮನೆಯಿಂದ ತರಿಸಿ, ಜರಡಿ ಹಿಡಿದು, ಚೆನ್ನಾಗಿ ಒಣಗಿದ ಬೀಜದ ಜೊತೆ ಸಮಸಮ ಬೆರೆಸಿ ಗಾಜಿನ ಬಾಟ್ಲಿಯಲ್ಲಿ ಬಾಯಿವರೆಗೆ ತುಂಬಿಸಿ ಮುಚ್ಚಿ. ಒಳಗೆ ಗಾಳಿಗೆ ಜಾಗ ಇರ್ಬಾರ್ದು. ಸೌತೆಕಾಯಿಯನ್ನು ತೂಗು ಹಾಕ್ಲಿಕ್ಕೆ ಟೆರೇಸ್ ಮನೆಯಲ್ಲೂ ಮೆಟ್ಟಿಲ ಕೆಳಗೆ ಒಂದು ಕೊಕ್ಕೆ ಹೊಡೆಸ್ಬಹುದು, ಮಗನಿಗೆ ನಾನು ಹೇಳಿದ್ದು ಅಂತ ಹೇಳಿ. ಬಾಟ್ಲಿಗೆ ಹೆಸರು, ತಿಂಗಳು, ವರ್ಷ ಬರೆದು ಅಂಟಿಸಿ, ಅದರ ಕೆಳಗೆ ಅತ್ತೆಯವರ ಹೆಸರೂ ಬರೀರಿ. ಮೊಳೆತದ್ದು ಎಷ್ಟು ಅಂತ ನನಗೊಂದು ಕಾಗದ ಹಾಕಿ, ಕಾಯ್ತಾ ಇರ್ತೇನೆ.